ಹಳೇ ಡೆಸ್ಕ್‌ಟಾಪ್‌ಗೆ ರ‍್ಯಾಮ್ ಹಾಕುವ ಮುಂಚೆ ಚಿಪ್ ಎಣಿಸಿ

ಈ ಟಿಪ್ಪಣಿ ಪೆಂಟಿಯಂ ಟೂ, ಪೆಂಟಿಯಂ ತ್ರೀ ಕಾಲದ ಡೆಸ್ಕ್‌ಟಾಪ್‌ಗಳ ಬಗ್ಗೆ. ಹಾರ್ಡ್‌ವೇರ್ ಕಲಿಯುವವರಿಗೆ ಇವು ಲ್ಯಾಬಿನ ಮೂಲೆಯಲ್ಲೋ ಬಳ್ಳಾರಿಯ ಗುಜರಿ ಅಂಗಡಿಯಲ್ಲೋ ಸಿಕ್ಕರೆ ಬಿಡಬೇಡಿ. ಬಿಚ್ಚಿ ನೋಡಿ ಕಲಿಯಲು ಇದಕ್ಕಿಂತ ಒಳ್ಳೆ ಮಷೀನ್ ಇಲ್ಲ. ಅಂಗಡಿಯವರು ಮೊದಲು ಕೇಳುವುದು "ಎಷ್ಟು ಎಂಬಿ ಬೇಕ್ರಿ?" ಅಂತ. ಅದಕ್ಕೆ ಉತ್ತರ ಹೇಳುವ ಮುಂಚೆ ಮದರ್‌ಬೋರ್ಡ್ ಯಾವುದು, ಅದರ ಚಿಪ್‌ಸೆಟ್ (ಪ್ರೊಸೆಸರ್ ಮತ್ತು ಮೆಮೊರಿಯನ್ನು ಜೋಡಿಸುವ ಚಿಪ್ಪುಗಳು) ಯಾವುದು ಅಂತ ಗೊತ್ತಿರಬೇಕು. ಸ್ಲಾಟ್ ಖಾಲಿ ಇದೆ ಅಂದಮಾತ್ರಕ್ಕೆ ಹಾಕಿದ್ದೆಲ್ಲ ಓಡುವುದಿಲ್ಲ.

ಮೊದಲು ರ‍್ಯಾಮ್‌ನ ಜಾತಿ ಗುರುತಿಸಿ. ಇನ್ನೂ ಹಳೆಯ 486 ಮಷೀನುಗಳಲ್ಲಿ 30 ಅಥವಾ 72 ಪಿನ್ನಿನ ಸಿಮ್ ಎಂಬ ಹಳೇ ಥರದ ರ‍್ಯಾಮ್ ಪಟ್ಟಿ (ಫೋನಿನ ಸಿಮ್ ಅಲ್ಲ) ಇರುತ್ತದೆ. 72 ಪಿನ್ನಿನದು ಒಂದು ಸಲಕ್ಕೆ 32 ಬಿಟ್ ಕೊಡುತ್ತದೆ. ಪೆಂಟಿಯಂನ ಡೇಟಾ ಬಸ್ 64 ಬಿಟ್. ಹಾಗಾಗಿ ಅಲ್ಲಿ ಜೋಡಿಯಾಗಿಯೇ ಹಾಕಬೇಕು. ನಂತರ ಬಂದ 168 ಪಿನ್ನಿನ ಎಸ್‌ಡಿರ‍್ಯಾಮ್ ಡಿಮ್ (ಸಿಮ್ ನಂತರದ ಥರದ ರ‍್ಯಾಮ್ ಪಟ್ಟಿ) ಒಂದೇ 64 ಬಿಟ್ ಕೊಡುತ್ತದೆ, ಜೋಡಿ ಬೇಕಿಲ್ಲ. ಇದರ ಅಂಚಿನಲ್ಲಿ ಎರಡು ಕಚ್ಚು ಇರುತ್ತವೆ. ಆಮೇಲೆ ಬಂದ ಡಿಡಿಆರ್ ರ‍್ಯಾಮ್‌ಗೆ 184 ಪಿನ್, ಒಂದೇ ಕಚ್ಚು. ಎಸ್‌ಡಿರ‍್ಯಾಮ್ 3.3 ವೋಲ್ಟ್, ಡಿಡಿಆರ್ 2.5 ವೋಲ್ಟ್. ಕಚ್ಚು ಕೂಡದಿದ್ದರೆ ಜಾತಿ ಬೇರೆ ಅಂತ ಅರ್ಥ. ಬಲ ಹಾಕಬೇಡಿ.

ಈಗ ಮುಖ್ಯ ವಿಷಯ. ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್ ತಗೊಳ್ಳಿ. 1998ರದ್ದು, ಗಟ್ಟಿ ಚಿಪ್‌ಸೆಟ್. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ 1 ಜಿಬಿ ತನಕ, ಅಂದರೆ ಸ್ಲಾಟಿಗೆ 256 ಎಂಬಿ. ಆದರೆ 256 ಎಂಬಿ ಸ್ಟಿಕ್‌ನಲ್ಲೇ, ಅಂದರೆ ರ‍್ಯಾಮ್ ಪಟ್ಟಿಯಲ್ಲೇ, ಎರಡು ಥರ ಇವೆ. ಒಂದರಲ್ಲಿ ಎರಡೂ ಕಡೆ ಎಂಟೆಂಟು, ಒಟ್ಟು 16 ಚಿಪ್. ಇನ್ನೊಂದರಲ್ಲಿ ಒಂದೇ ಕಡೆ 8 ಚಿಪ್. ಎರಡರ ಮೇಲೂ 256 ಎಂದೇ ಬರೆದಿರುತ್ತದೆ.

ಲೆಕ್ಕ ಮಾಡಿ ನೋಡೋಣ. 16 ಚಿಪ್‌ನದರಲ್ಲಿ ಪ್ರತಿ ಚಿಪ್ 128 ಮೆಗಾಬಿಟ್. 128ನ್ನು 16ರಿಂದ ಗುಣಿಸಿದರೆ 2048 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 256 ಎಂಬಿ. 8 ಚಿಪ್‌ನದರಲ್ಲಿ ಪ್ರತಿ ಚಿಪ್ 256 ಮೆಗಾಬಿಟ್, ಮೊತ್ತ ಅಷ್ಟೇ. ವ್ಯತ್ಯಾಸ ಇರುವುದು ಚಿಪ್ಪಿನ ಒಳಗೆ. ಮೆಮೊರಿ ಚಿಪ್ಪಿನಲ್ಲಿ ಬಿಟ್‌ಗಳು ಸಾಲು ಮತ್ತು ಕಾಲಂ ಲೆಕ್ಕದಲ್ಲಿ ಕೂತಿರುತ್ತವೆ. ಸಾಲಿನ ವಿಳಾಸಕ್ಕೆ 128 ಮೆಗಾಬಿಟ್ ಚಿಪ್‌ಗೆ 12 ಬಿಟ್ ಸಾಕು, 256 ಮೆಗಾಬಿಟ್‌ಗೆ 13 ಬೇಕು. ಬಿಎಕ್ಸ್ ಆ 13ನೆಯದನ್ನು ಕೊಡುವುದಿಲ್ಲ. ಒಂದು ಬಿಟ್ ಕಮ್ಮಿ ಆದರೆ ಅರ್ಧ ಸಾಲುಗಳಿಗೆ ವಿಳಾಸವೇ ಇಲ್ಲ. ಅದಕ್ಕೇ 256ರ ಸ್ಟಿಕ್ 128 ಅಂತ ತೋರಿಸುತ್ತದೆ, ಕೆಲವು ಬೋರ್ಡ್ ಬೂಟ್ ಕೂಡ ಆಗುವುದಿಲ್ಲ. ಸ್ಟಿಕ್ ಕೆಟ್ಟಿದೆ ಅಂತ ಎಸೆಯುವವರು ಇದಕ್ಕೇ ಎಸೆಯುತ್ತಾರೆ, ಪಾಪ. ಆದ್ದರಿಂದ ಅಂಗಡಿಯಲ್ಲಿ ಸ್ಟಿಕ್ ತಿರುಗಿಸಿ ಚಿಪ್ ಎಣಿಸಿ. ಎರಡೂ ಕಡೆ ಎಂಟೆಂಟು ಇದ್ದರೆ ತಗೊಳ್ಳಿ.

ಎಲ್ಲ ಚಿಪ್‌ಸೆಟ್‌ಗೂ ಒಂದೇ ನಿಯಮ ಅಲ್ಲ. ಇಂಟೆಲ್‌ನದೇ 815 ಚಿಪ್‌ಸೆಟ್‌ಗೆ ಒಟ್ಟು ಮಿತಿಯೇ 512 ಎಂಬಿ. ಅದಕ್ಕಿಂತ ಹಿಂದಿನ 430ಟಿಎಕ್ಸ್ 256 ಎಂಬಿ ತನಕ ತಗೊಳ್ಳುತ್ತದೆ, ಆದರೆ ಎಲ್2 ಕ್ಯಾಶ್ (ಪ್ರೊಸೆಸರ್ ಪದೇ ಪದೇ ಬಳಸುವ ಡೇಟಾ ಇಡುವ ಸಣ್ಣ, ವೇಗದ ಮೆಮೊರಿ) ಮೊದಲ 64 ಎಂಬಿಗೆ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿ ರ‍್ಯಾಮ್ ಜಾಸ್ತಿ ಹಾಕಿದ ಮೇಲೆ ಮಷೀನ್ ನಿಧಾನ ಆಗಲೂಬಹುದು. ವಿಚಿತ್ರ ಅಲ್ವಾ?

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಿಸಿ133, ಅಂದರೆ 133 ಮೆಗಾಹರ್ಟ್ಜ್‌ನ ಸ್ಟಿಕ್, 100 ಮೆಗಾಹರ್ಟ್ಜ್ ಬೋರ್ಡಿನಲ್ಲಿ 100ರಲ್ಲೇ ಓಡುತ್ತದೆ.

ಕೂರಿಸುವ ಕೆಲಸಕ್ಕೆ ಬನ್ನಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ. ಎಟಿಎಕ್ಸ್ ಮಾದರಿಯ ಬೋರ್ಡಿನಲ್ಲಿ ಪ್ಲಗ್ ಹಾಕಿದ್ದರೆ ಮಷೀನ್ ಆಫ್ ಇದ್ದರೂ 5 ವೋಲ್ಟ್ ಹರಿಯುತ್ತಿರುತ್ತದೆ, ಅದು ಖಾಲಿ ಆಗಲಿ. ನಮ್ಮ ಬಳ್ಳಾರಿಯ ಒಣ ಬಿಸಿಲಲ್ಲಿ ಪಾಲಿಸ್ಟರ್ ಅಂಗಿ ಹಾಕಿಕೊಂಡು ಚಿಪ್ ಮುಟ್ಟುವುದು ಬೇಡ. ಹತ್ತಿ ಅಂಗಿ ಹಾಕಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಆಮೇಲೆ ಸ್ಟಿಕ್ ಹಿಡಿಯಿರಿ, ಅದೂ ಅಂಚಿನಲ್ಲಿ.

ಇನ್ನು ಧೂಳು. ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ಇದ್ದ ಮಷೀನ್ ಆದರೆ ಒಳಗೆಲ್ಲ ಕೆಂಪು. ಜೀನ್ಸ್ ಹೊಲಿಯುವ ಶೆಡ್ಡಿನದಾದರೆ ನೀಲಿ ನೂಲಿನ ಹೊಟ್ಟು. ಬ್ರಷ್ಷಿನಿಂದ ಸ್ಲಾಟ್ ಸ್ವಚ್ಛ ಮಾಡಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಸ್ಟಿಕ್‌ನ ಪಿನ್ ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಡಿಮ್ ನೇರವಾಗಿ ಕೆಳಗೆ ಒತ್ತಬೇಕು, ಎರಡೂ ಕಡೆಯ ಬಿಳಿ ಕ್ಲಿಪ್ ತಾನಾಗೇ ಮೇಲೆದ್ದು ಹಿಡಿದುಕೊಳ್ಳುತ್ತವೆ. ಸಿಮ್ ಆದರೆ ಓರೆಯಾಗಿ ಇಟ್ಟು ನಿಲ್ಲಿಸಬೇಕು.

ಆನ್ ಮಾಡಿದಾಗ ಬೀಪ್ ಮತ್ತೆ ಮತ್ತೆ ಬಂದರೆ ಮೊದಲು ರ‍್ಯಾಮ್ ಮೇಲೇ ಅನುಮಾನ. ಸ್ಟಿಕ್ ತೆಗೆದು ಮತ್ತೆ ಕೂರಿಸಿ, ಒಂದೊಂದೇ ಹಾಕಿ ನೋಡಿ. ಸ್ಕ್ರೀನಿನಲ್ಲಿ ಎಣಿಕೆ ಸರಿ ಬಂದರೂ ಅಷ್ಟಕ್ಕೇ ಬಿಡಬೇಡಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಮ್ ಒಂದು ಸುತ್ತು ಪೂರ್ತಿ ಓಡಲಿ, ಸಾಧ್ಯವಾದರೆ ಮಧ್ಯಾಹ್ನದ ಸೆಕೆಯಲ್ಲಿ. ತಂಪಿನಲ್ಲಿ ಪಾಸ್ ಆಗುವ ಸ್ಟಿಕ್ ಬಿಸಿಯಲ್ಲಿ ತಪ್ಪು ಕೊಡುವುದುಂಟು.

ವಿಂಡೋಸ್ 98 ಹಾಕುವವರು 512 ಎಂಬಿ ದಾಟಬೇಡಿ. ದಾಟಿದರೆ ಅದರ ವಿಕ್ಯಾಶ್ ಎಂಬ ಡಿಸ್ಕ್ ಕ್ಯಾಶ್ ತನಗೇ ವಿಪರೀತ ಜಾಗ ಹಿಡಿದುಕೊಳ್ಳುತ್ತದೆ. ಆಗ ರ‍್ಯಾಮ್ ಜಾಸ್ತಿ ಇದ್ದೂ ಮೆಮೊರಿ ಸಾಲದು ಎಂಬ ಎರರ್ ಬರುತ್ತದೆ! ಸಿಸ್ಟಮ್ ಡಾಟ್ ಐಎನ್‌ಐ ಫೈಲಿನ ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಮೌಲ್ಯಕ್ಕೆ ಮಿತಿ ಹಾಕಿದರೆ ಸರಿಹೋಗುತ್ತದೆ. ನನ್ನ ಕೇಳಿದರೆ 98ಕ್ಕೆ 256 ಎಂಬಿ ಧಾರಾಳ. 512 ಹಾಕುವುದಾದರೆ ಎಕ್ಸ್‌ಪಿಗೆ ಹಾಕಿ.