ಈಪೀಟ್, ರೋಹ್ಸ್, ಎನರ್ಜಿ ಸ್ಟಾರ್: ಶೇಕಡಾ ಯಾವುದರ ಮೇಲೆ?

ಕಂಪ್ಯೂಟರಿನ ಪರಿಸರ ಗುರುತುಗಳ, ಅಂದರೆ ಪರಿಸರಕ್ಕೆ ಹಾನಿ ಕಡಿಮೆ ಅಂತ ಹೇಳುವ ಲೇಬಲ್ಲುಗಳ ಪಾಠದಲ್ಲಿ ಹೆಸರುಗಳು ಜಾಸ್ತಿ. ಆದರೆ ಎರಡು ಸಲ ಬರೆದರೆ ಅವು ನೆನಪಲ್ಲಿ ಕೂರುತ್ತವೆ. ನಿಜವಾಗಿ ತಲೆ ಕೆಡಿಸುವುದು ಶೇಕಡಾ ಲೆಕ್ಕ. ಅದಕ್ಕೇ ಉಳಿದದ್ದನ್ನು ಬೇಗ ಮುಗಿಸಿಬಿಡೋಣ.

ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಪ್ರಕಾರ ಗುರುತುಗಳಲ್ಲಿ ಮೂರು ಬಗೆ, ಒಂದೊಂದಕ್ಕೂ ಒಂದು ಮಾನದಂಡದ ಸಂಖ್ಯೆ. ಹೊರಗಿನ ಸಂಸ್ಥೆ ಪರೀಕ್ಷಿಸಿ ಕೊಡುವುದು 14024ರ ಕೆಳಗೆ ಬರುತ್ತದೆ. ಜರ್ಮನಿಯಲ್ಲಿ 1978ರಲ್ಲಿ ಶುರುವಾದ ಬ್ಲೂ ಏಂಜೆಲ್, ಸ್ವೀಡನ್ನಿನ ಟಿಸಿಒ ಸರ್ಟಿಫೈಡ್ ಈ ಬಗೆಯವು. ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಅದು 14021. ಒಳ್ಳೇದು, ಕೆಟ್ಟದು ಅನ್ನದೆ ಬರೀ ಅಂಕಿಅಂಶ ಮುಂದಿಡುವುದು 14025. ಎನರ್ಜಿ ಸ್ಟಾರ್ 1992ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ತಂದದ್ದು. ಅದು ನೋಡುವುದು ಮುಖ್ಯವಾಗಿ ವಿದ್ಯುತ್ ಖರ್ಚನ್ನು. ರೋಹ್ಸ್ ಗುರುತೇ ಅಲ್ಲ, ವಿದ್ಯುತ್ ಉಪಕರಣಗಳಲ್ಲಿ ಸೀಸದಂಥ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿಯನ್ ಒಕ್ಕೂಟದ ಕಾನೂನು. 2006ರ ಜುಲೈ 1ರಿಂದ ಜಾರಿಯಲ್ಲಿದೆ.

ಈಗ ಈಪೀಟ್, ಅಂದರೆ ಪರಿಸರದ ಷರತ್ತು ಎಷ್ಟು ಪೂರೈಸಿದೆ ಅಂತ ನೋಡಿ ಕಂಪ್ಯೂಟರಿಗೆ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಡುವ ಗುರುತು. ಇದು ಶುರುವಾದದ್ದು ಎಂಜಿನಿಯರುಗಳ ಸಂಘ ಐಟ್ರಿಪಲ್‌ಇ ರೂಪಿಸಿದ 1680 ಮಾನದಂಡದ ಮೇಲೆ. 2006ರ ಮೊದಲ ಆವೃತ್ತಿಯಲ್ಲಿ 51 ಷರತ್ತುಗಳಿದ್ದವು: 23 ಕಡ್ಡಾಯ, 28 ಐಚ್ಛಿಕ. ಪುಸ್ತಕದಲ್ಲಿ 'ಬೆಳ್ಳಿಗೆ ಶೇ. 50, ಚಿನ್ನಕ್ಕೆ ಶೇ. 75' ಅಂತ ಒಂದೇ ಸಾಲು ಇರುತ್ತದೆ. ಅದನ್ನು ಓದಿದ ಕೂಡಲೇ ಕೈ 51ರ ಮುಕ್ಕಾಲು ಭಾಗ ಲೆಕ್ಕ ಹಾಕಲು ಹೋಗುತ್ತದೆ. 38.25 ಬರುತ್ತದೆ, ಅಂದರೆ 39 ಷರತ್ತು ಸಾಕು ಅನ್ನಿಸುತ್ತದೆ. ಸಾಲದು. ಶೇ. 75 ಅನ್ನುವುದು ಐಚ್ಛಿಕ 28ರ ಮೇಲೆ ಮಾತ್ರ. ಕಡ್ಡಾಯ 23 ಮೊದಲೇ ಪೂರ್ತಿ ಆಗಿರಬೇಕು. ಬರೀ 23 ಪೂರೈಸಿದರೆ ಕಂಚು. ಅದರ ಮೇಲೆ 14 ಸೇರಿದರೆ 37, ಬೆಳ್ಳಿ. 21 ಸೇರಿದರೆ 44, ಚಿನ್ನ. 51ರಲ್ಲಿ 44 ಅಂದರೆ ಶೇ. 86ಕ್ಕೂ ಹೆಚ್ಚು!

ಇದನ್ನು ಉಲ್ಟಾ ಮಾಡಿ ನೋಡಿದರೆ ಇನ್ನೂ ಚೆನ್ನಾಗಿ ತಲೆಗೆ ಹತ್ತುತ್ತದೆ. ಒಂದು ಲ್ಯಾಪ್‌ಟಾಪ್ ಐಚ್ಛಿಕ 28ನ್ನೂ ಪೂರೈಸಿದೆ, ಕಡ್ಡಾಯದಲ್ಲಿ 22 ಪೂರೈಸಿದೆ ಅಂದುಕೊಳ್ಳಿ. 51ಕ್ಕೆ 50. ಆದರೂ ಅದಕ್ಕೆ ಕಂಚೂ ಇಲ್ಲ. ಪಕ್ಕದ ಲ್ಯಾಪ್‌ಟಾಪ್ ಬರೀ 23 ಪೂರೈಸಿದೆ, ಆದರೆ ಎಲ್ಲವೂ ಕಡ್ಡಾಯದವೇ. ಅದಕ್ಕೆ ಕಂಚು ಸಿಗುತ್ತದೆ. 50ರ ಎದುರು 23 ಗೆದ್ದ ಹಾಗೆ, ಅಲ್ವಾ? ಆ ಕಡ್ಡಾಯ ಪಟ್ಟಿಯಲ್ಲೇ ಎನರ್ಜಿ ಸ್ಟಾರ್ ಮತ್ತು ರೋಹ್ಸ್ ಎರಡೂ ಇವೆ. ಹಾಗಾಗಿ ಎನರ್ಜಿ ಸ್ಟಾರ್ ತಪ್ಪಿದರೆ ಈಪೀಟ್ ಮಾತೇ ಎತ್ತುವಂತಿಲ್ಲ. ಮೂರನ್ನೂ ಬೇರೆ ಬೇರೆ ಪಾಠ ಅಂತ ಓದುವುದಕ್ಕಿಂತ ಒಂದರೊಳಗೊಂದು ಇಟ್ಟು ಓದಿ.

ರೋಹ್ಸ್‌ನಲ್ಲೂ ಇದೇ ತರಲೆ. ಸೀಸ ಶೇ. 0.1 ಮೀರಬಾರದು, ಕ್ಯಾಡ್ಮಿಯಂ ಶೇ. 0.01 ಮೀರಬಾರದು. ಯಾವುದರ ಶೇಕಡಾ? ಇಡೀ ಯಂತ್ರದ ತೂಕದ್ದು ಅಂದುಕೊಂಡರೆ 2 ಕಿಲೋ ಲ್ಯಾಪ್‌ಟಾಪಿನಲ್ಲಿ 2 ಗ್ರಾಂ ಸೀಸ ಇರಬಹುದು ಅಂತಾಯಿತು. ಹಳೆಯ ತವರ-ಸೀಸದ ಬೆಸುಗೆಯಲ್ಲಿ ಸೀಸ ಸುಮಾರು ಶೇ. 37. ಆ ಲೆಕ್ಕಕ್ಕೆ ಅಂಥ ಬೆಸುಗೆ 5 ಗ್ರಾಂ ಹಾಕಿದರೂ ಪಾಸ್! ಆಮೇಲೆ ಕಾನೂನು ಸುಮ್ನೆ ಯಾಕೆ ಬೇಕು?

ಅಸಲಿಗೆ ಅಳೆಯುವುದು ಒಂದೊಂದು ಏಕರೂಪ ವಸ್ತುವನ್ನು. ತಿರುಪು ಬಿಚ್ಚಿ, ಕತ್ತರಿಸಿ, ಪುಡಿ ಮಾಡಿ, ಉಜ್ಜಿ ಇನ್ನು ಬೇರೆ ಮಾಡಲು ಆಗದ ಹಂತ ಬಂದರೆ ಅದು ಏಕರೂಪ. ಕೇಬಲ್ ತಗೊಳ್ಳಿ. ಹೊರಗಿನ ಪ್ಲಾಸ್ಟಿಕ್ ಹೊದಿಕೆಗೆ ಒಂದು ಲೆಕ್ಕ, ಒಳಗಿನ ತಾಮ್ರಕ್ಕೆ ಇನ್ನೊಂದು. ಪೆಟ್ಟಿಗೆಯ ಬಣ್ಣ ಕೆರೆದು ತೆಗೆಯಲು ಬಂದರೆ ಬಣ್ಣಕ್ಕೂ ಅದರದೇ ಲೆಕ್ಕ. ಬೆಸುಗೆಯ ಚುಕ್ಕಿಯನ್ನು ಬೆಸುಗೆಯಾಗಿಯೇ ನೋಡಬೇಕು. ಆಗ ಶೇ. 37 ಅನ್ನುವುದು ಮಿತಿಯ 370 ಪಟ್ಟು. ಸೀಸವಿಲ್ಲದ ಬೆಸುಗೆಯತ್ತ ಉದ್ಯಮ ಹೊರಳಲು ಈ ವ್ಯಾಖ್ಯೆಯೂ ಒಂದು ದೊಡ್ಡ ಕಾರಣ. ಕೆಲವು ಬಳಕೆಗಳಿಗೆ ವಿನಾಯಿತಿ ಇದೆ, ಅದರ ಪಟ್ಟಿಯೇ ಬೇರೆ.

ಉತ್ತರ ಬರೆಯುವಾಗ ಈಪೀಟ್ ಜೊತೆ ಆವೃತ್ತಿಯನ್ನೂ ದೇಶವನ್ನೂ ಬರೆಯಿರಿ. ಕಂಪ್ಯೂಟರಿನ ಭಾಗವಾದ 1680.1 ಮಾನದಂಡ 2018ರಲ್ಲಿ ಪರಿಷ್ಕರಣೆಯಾಗಿದೆ. ಹಾಗಾಗಿ ಮೇಲಿನ 23, 28 ಸಂಖ್ಯೆಗಳು 2006ರವು ಮಾತ್ರ. ನೋಂದಣಿ ನಡೆಯುವುದೂ ದೇಶದ ಪ್ರಕಾರ. ಹಳೇ ಯಂತ್ರ ವಾಪಸ್ ಪಡೆಯುವಂಥ ಸೇವೆಗಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅದೇ ಮಾಡೆಲ್ ಒಂದು ದೇಶದಲ್ಲಿ ಚಿನ್ನ, ಇನ್ನೊಂದರಲ್ಲಿ ಬೆಳ್ಳಿ ಆಗಿರಬಹುದು.