ಫೋನನ್ನೇ ಕಂಪ್ಯೂಟರ್‌ಗೆ ವೈರ್‌ಲೆಸ್ ಹೆಡ್‌ಸೆಟ್ ಮಾಡ್ಕೋಬಹುದಾ?

ಪ್ರಶ್ನೆ: ಮನೇಲಿರೋದು ಹಳೇ ಡೆಸ್ಕ್‌ಟಾಪ್, ಮೈಕ್ ಇಲ್ಲ. ಫೋನನ್ನ ಬ್ಲೂಟೂತಲ್ಲಿ ಪೇರ್ ಮಾಡ್ದೆ, ಪೇರೂ ಆಯ್ತು, ಆದ್ರೆ ಮೀಟಿಂಗ್‌ನಲ್ಲಿ ಮೈಕ್ ಲಿಸ್ಟ್ ತೆಗೆದ್ರೆ ಫೋನ್ ಹೆಸ್ರೇ ಬರಲ್ಲ. ಸೆಟ್ಟಿಂಗ್ ಎಲ್ಲಿ ತಪ್ಪಿದೆ?

ಸೆಟ್ಟಿಂಗ್ ಎಲ್ಲೂ ತಪ್ಪಿಲ್ಲ, ಬ್ಲೂಟೂತ್ ಇರೋದೇ ಹಾಗೆ. ಕಾಲ್ ಮಾತಾಡೋಕೆ ಅದ್ರಲ್ಲಿ ಹ್ಯಾಂಡ್ಸ್‌ಫ್ರೀ ಪ್ರೊಫೈಲ್ ಅಂತ ಒಂದು ನಿಯಮದ ಕಟ್ಟು ಇದೆ, ಅದ್ರಲ್ಲಿ ಎರಡೇ ಪಾತ್ರ, ಒಂದು ಕಾಲ್ ಬರೋ ಕಡೆ, ಅದಕ್ಕೆ ಆಡಿಯೋ ಗೇಟ್‌ವೇ ಅಂತಾರೆ, ಇನ್ನೊಂದು ಕಿವಿಗೆ ಹಾಕ್ಕೊಳ್ಳೋ ಕಡೆ. ಫೋನು ಹುಟ್ಟಿರೋದೇ ಗೇಟ್‌ವೇ ಆಗಿ, ಹೆಡ್‌ಸೆಟ್ ಹುಡುಕೋವಾಗ ಕಂಪ್ಯೂಟರೂ ಗೇಟ್‌ವೇನೇ. ಇಬ್ರೂ ಗಂಡಿನ ಕಡೆಯವ್ರೇ ಆದ್ರೆ ಮದುವೆ ಮಾತುಕತೆ ಎಲ್ಲಿಂದ ಬರ್ಬೇಕು? ಉಲ್ಟಾ ಮಾತ್ರ ನಡೆಯುತ್ತೆ, ಅಂದ್ರೆ ಫೋನಿನ ಹಾಡು ಪಿಸಿ ಸ್ಪೀಕರಲ್ಲಿ ಕೇಳೋದು ವಿಂಡೋಸ್ 10ಕ್ಕೆ 2020ರ ಅಪ್‌ಡೇಟಲ್ಲಿ ಬಂತು, ಮೈಕ್ರೋಸಾಫ್ಟ್‌ನ ಫೋನ್ ಲಿಂಕ್ ಆಪಲ್ಲಿ ಫೋನಿನ ಕಾಲ್‌ನ ಪಿಸಿಯಿಂದ ಮಾತಾಡ್ಬಹುದು. ಅದನ್ನ ನೋಡಿ ಇದೂ ಆಗ್ಬೇಕಲ್ವಾ ಅಂತ ಎಲ್ರಿಗೂ ಅನ್ಸುತ್ತೆ, ಸಹಜ.

ನನ್ ಪ್ರಕಾರ ಅತಿ ಸುಲಭದ ದಾರಿ ಅಂದ್ರೆ ಅದೇ ಮೀಟಿಂಗ್‌ಗೆ ಫೋನಿಂದಾನೂ ಸೇರ್ಕೊಳ್ಳೋದು. ಸ್ಕ್ರೀನ್ ನೋಡೋಕೆ, ಶೇರ್ ಮಾಡೋಕೆ ಕಂಪ್ಯೂಟರು, ಮಾತಿಗೆ ಮತ್ತೆ ಕೇಳೋಕೆ ಫೋನು, ಇಯರ್‌ಫೋನ್ ಸಿಗಿಸಿ ಜೇಬಲ್ಲಿಟ್ಕೊಂಡ್ರೆ ಅಡುಗೆಮನೆಗೆ ಹೋಗಿ ಕಾಫಿ ಹಾಕ್ಕೊಂಡು ಬರ್ಬಹುದು. ಆದ್ರೆ ಕಂಪ್ಯೂಟರ್ ಕಡೆ ಆಡಿಯೋಗೆ ಸೇರಲೇಬಾರ್ದು. ಟೀಮ್ಸಲ್ಲಿ ಸೇರೋ ಮುಂಚೆನೇ ಡೋಂಟ್ ಯೂಸ್ ಆಡಿಯೋ ಅಂತಿರುತ್ತೆ, ಜೂಮಲ್ಲಿ ಮೈಕ್ ಪಕ್ಕದ ಬಾಣ ಒತ್ತಿದ್ರೆ ಲೀವ್ ಕಂಪ್ಯೂಟರ್ ಆಡಿಯೋ ಸಿಗುತ್ತೆ, ಗೂಗಲ್ ಮೀಟಲ್ಲಿ ಕಂಪ್ಯಾನಿಯನ್ ಮೋಡ್, ಅಂದ್ರೆ ಆಡಿಯೋ ಇಲ್ದೆ ಎರಡನೇ ಸ್ಕ್ರೀನಾಗಿ ಸೇರೋದು, ಕಾಣಿಸಿದ್ರೆ ಅದನ್ನೇ ಒತ್ತಿ.

ಬರೀ ಮೈಕ್ ಮ್ಯೂಟ್ ಮಾಡಿದ್ರೆ ಸಾಲ್ದಾ? ಸಾಲಲ್ಲ. ಯಾಕಂದ್ರೆ ಫೋನಲ್ಲಿ ಪ್ರತಿಧ್ವನಿ ತಡೆಯೋ ಸಾಫ್ಟ್‌ವೇರ್ ಇರುತ್ತೆ ನಿಜ, ಆದ್ರೆ ಅದು ಫೋನೇ ಹೊರಗೆ ಬಿಡ್ತಿರೋ ಸದ್ದನ್ನ ಮಾತ್ರ ಗುರುತು ಹಿಡಿದು ಕಳೆಯುತ್ತೆ, ಪಕ್ಕದ ಪಿಸಿ ಸ್ಪೀಕರಿಂದ ಬರೋ ನಿಮ್ಮದೇ ದನಿ ಅದಕ್ಕೆ ಬೇರೆ ಯಾರೋ ಮಾತಾಡ್ದಂಗೆ, ಅದನ್ನ ಮತ್ತೆ ಮೀಟಿಂಗ್‌ಗೆ ಕಳಿಸುತ್ತೆ, ಅದು ಮತ್ತೆ ಸ್ಪೀಕರಲ್ಲಿ ಬರುತ್ತೆ, ಎರಡು ಸುತ್ತಲ್ಲಿ ಕುಂಯ್ ಅಂತ ಶುರು. ಎಲ್ರೂ ಯಾರಪ್ಪ ಅದು ಅಂತ ಕೇಳ್ತಾರೆ, ನೀವು ಸುಮ್ನಿರ್ತೀರ.

ಕಾಲ್ ಮಾಡೋ ಸಾಫ್ಟ್‌ವೇರ್ ಕಂಪ್ಯೂಟರಲ್ಲಿ ಮಾತ್ರ ಇದ್ರೆ ಆಗ ವೋ ಮೈಕ್ ಥರದ ಆಪ್ ಬೇಕಾಗುತ್ತೆ. ಫೋನಲ್ಲಿ ಆಪ್, ವಿಂಡೋಸಲ್ಲಿ ಅದ್ರ ಜೊತೆಗಾರ ಪ್ರೋಗ್ರಾಂ ಮತ್ತೆ ಒಂದು ವರ್ಚುವಲ್ ಮೈಕ್ ಡ್ರೈವರ್ (ಫೋನಿಂದ ಬರೋ ದನಿಯನ್ನ ವಿಂಡೋಸ್‌ಗೆ ಮೈಕ್ ಅಂತ ತೋರಿಸೋ ಪುಟ್ಟ ಸಾಫ್ಟ್‌ವೇರ್) ಹಾಕ್ಬೇಕು, ಫೋನಲ್ಲಿ ಸ್ಟಾರ್ಟ್ ಒತ್ತಿ, ಪಿಸಿಯಲ್ಲಿ ಫೋನಿನ ಐಪಿ ಅಡ್ರೆಸ್ ಕೊಟ್ಟು ಕನೆಕ್ಟ್ ಮಾಡಿದ್ರೆ ಮೈಕ್ ಲಿಸ್ಟಲ್ಲಿ ಅದ್ರ ಹೆಸ್ರು ಬರುತ್ತೆ. ತಮಾಷೆ ಏನಂದ್ರೆ ಇದ್ರಲ್ಲಿ ಬ್ಲೂಟೂತೂ ಕೆಲಸ ಮಾಡುತ್ತೆ, ಯಾಕಂದ್ರೆ ಇದು ಹ್ಯಾಂಡ್ಸ್‌ಫ್ರೀ ಗೊಡವೆಗೇ ಹೋಗಲ್ಲ, ದನಿಯನ್ನ ಬರೀ ಡೇಟಾ ಅಂತ ಸಾಗಿಸುತ್ತೆ. ಇದು ಮೈಕ್ ಮಾತ್ರ, ಕೇಳೋದು ಪಿಸಿಯಿಂದಾನೇ. ಮಾತಾಡೋದೂ ಕೇಳೋದೂ ಎರಡೂ ಫೋನಲ್ಲೇ ಬೇಕಂದ್ರೆ ಆಂಡ್ರಾಯ್ಡ್‌ಗೆ ಆಡಿಯೋರಿಲೇ ಅನ್ನೋ ಆಪ್ ಇದೆ.

ಪಿಜಿ, ಹಾಸ್ಟೆಲ್ ವೈಫೈನಲ್ಲಿ ಇವು ಎಷ್ಟೋ ಸಲ ಕನೆಕ್ಟೇ ಆಗಲ್ಲ, ಅಲ್ಲಿ ಒಂದು ಡಿವೈಸ್ ಇನ್ನೊಂದನ್ನ ನೋಡದ ಹಾಗೆ ರೌಟರಲ್ಲೇ ತಡೆದಿರ್ತಾರೆ. ಫೋನಿನ ಹಾಟ್‌ಸ್ಪಾಟ್‌ಗೆ ಪಿಸಿನ ಸೇರಿಸಿ, ಇಲ್ಲ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಫೋನಿನ ನೆಟ್ ಪಿಸಿಗೆ ಕೊಡೋದು) ಆನ್ ಮಾಡಿ, ಆದ್ರೆ ಎರಡರಲ್ಲೂ ಪಿಸಿ ನಿಮ್ ಡೇಟಾ ಪ್ಯಾಕ್ ತಿನ್ನಬಹುದು, ಗಮನ ಇರ್ಲಿ. ಬ್ಯಾಟರಿ ಸೇವರ್‌ನಿಂದ ಆ ಆಪ್‌ನ ಹೊರಗಿಡಿ, ಇಲ್ಲಾಂದ್ರೆ ಸ್ಕ್ರೀನ್ ಆಫ್ ಆದ್ಮೇಲೆ ಮಾತು ಮಧ್ಯದಲ್ಲೇ ಕಟ್ ಆಗ್ಬಹುದು. ಇನ್ನು ದನಿ ತಲುಪೋ ತಡದ ವಿಷ್ಯ. ಫೋನ್ ಮಾತುಕತೆಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿರ್ಲಿ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಹೇಳುತ್ತೆ, ಇಂಟರ್ನೆಟ್ಟಿನ ತಡದ ಮೇಲೆ ಈ ಆಪಿನ ತಡವೂ ಸೇರೋದ್ರಿಂದ ಸಾಧ್ಯವಾದ್ರೆ 5 ಗಿಗಾಹರ್ಟ್ಸ್ ವೈಫೈ ಹಿಡೀರಿ.

ಮ್ಯಾಕ್ ಇರೋವ್ರಿಗೆ ತಲೆನೋವು ಕಮ್ಮಿ. ಮ್ಯಾಕ್‌ಒಎಸ್ ವೆಂಚುರಾ, ಐಒಎಸ್ 16 ಇದ್ದು, ಐಫೋನ್ ಎಕ್ಸ್‌ಆರ್ ಅಥವಾ ಆಮೇಲಿಂದಾಗಿದ್ದು, ಎರಡರಲ್ಲೂ ಒಂದೇ ಆಪಲ್ ಅಕೌಂಟ್ ಇದ್ರೆ ಐಫೋನ್ ತಾನಾಗೇ ಮೈಕ್ ಲಿಸ್ಟಲ್ಲಿ ಬರುತ್ತೆ.

ಆಫೀಸ್ ಲ್ಯಾಪ್‌ಟಾಪಲ್ಲಿ ಮಾತ್ರ ಈ ಡ್ರೈವರ್‌ಗಳನ್ನ ಐಟಿಯವ್ರನ್ನ ಕೇಳದೆ ಹಾಕ್ಬೇಡಿ. ಮತ್ತೆ ನಿಮಗೆ ವೈರ್‌ಲೆಸ್ಸೇ ಆಗ್ಬೇಕು ಅಂತೇನಿಲ್ಲ ಅಂದ್ರೆ, ಡ್ರಾಯರಲ್ಲಿ ಬಿದ್ದಿರೋ ಮೈಕಿರೋ ಹಳೇ ಇಯರ್‌ಫೋನ್ ತೆಗೀರಿ, ಪಿನ್ ಮೇಲೆ ಮೂರು ಗೆರೆ ಇರುತ್ತೆ ನೋಡಿ, ಡೆಸ್ಕ್‌ಟಾಪಿನ ಪಿಂಕ್ ಮತ್ತೆ ಹಸಿರು ತೂತಿಗೆ ಬೇರೆಬೇರೆ ಹೋಗೋ ಸ್ಪ್ಲಿಟರ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೇಳಿದ್ರೆ ಕೊಡ್ತಾರೆ, ಆಪೂ ಬೇಡ ಡ್ರೈವರೂ ಬೇಡ.