ತಪ್ಪಿಗೊಂದು ವಿಳಾಸ: ರಿಚರ್ಡ್ ಹ್ಯಾಮಿಂಗ್ ಮತ್ತು ಒಂಬತ್ತನೆಯ ಚಿಪ್

ಡಿಡಿಆರ್4 ತಲೆಮಾರಿನ ಮೆಮರಿ ಪಟ್ಟಿಯೊಂದನ್ನು ಕೈಗೆತ್ತಿಕೊಂಡು ಅದರ ಒಂದು ಬದಿಯ ಕಪ್ಪು ಚಿಪ್‌ಗಳನ್ನು ಎಣಿಸಿದರೆ, ಮನೆಯ ಕಂಪ್ಯೂಟರಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಎಂಟು ಸಿಗುತ್ತವೆ, ಸರ್ವರಿನ ಪಟ್ಟಿಯಲ್ಲಿ ಒಂಬತ್ತು. ಸರ್ವರ್‌ಗಳ ಮೆಮರಿಯನ್ನು ಪರೀಕ್ಷಿಸುವುದು ನನ್ನ ವೃತ್ತಿಯಾದ್ದರಿಂದ, ತಂಡಕ್ಕೆ ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ನಾನು ಮೊದಲ ದಿನವೇ ಈ ಎಣಿಕೆಯನ್ನು ಮಾಡಿಸುತ್ತೇನೆ. ಒಂಬತ್ತನೆಯದು ಸ್ಟೆಪ್ನಿ ಟೈರಿನಂತೆ ಆಪತ್ತಿಗಾಗಿ ಇಟ್ಟುಕೊಂಡದ್ದು ಎಂದು ಹೆಚ್ಚಿನವರು ಊಹಿಸುತ್ತಾರೆ. ಆದರೆ ಅದು ಒಂದು ಕ್ಷಣವೂ ಸುಮ್ಮನೆ ಕೂರುವುದಿಲ್ಲ. ಪ್ರತಿ 64 ಬಿಟ್ (ಸೊನ್ನೆ ಅಥವಾ ಒಂದು ಎಂಬ ಅಂಕೆ) ದತ್ತಾಂಶದ ಜೊತೆಗೆ 8 ಕಾವಲು ಬಿಟ್‌ಗಳನ್ನು ಹೊತ್ತುಕೊಂಡು, ಉಳಿದ ಎಂಟು ಚಿಪ್‌ಗಳು ಹೇಳುವುದೆಲ್ಲ ನಿಜವೇ ಎಂದು ಪ್ರತಿ ಓದಿನಲ್ಲೂ ತಾಳೆ ನೋಡಲು ಅದು ಬೇಕು. ಆ ತಾಳೆಯ ಗಣಿತವನ್ನು ಕೊಟ್ಟವರು ಅಮೆರಿಕದ ರಿಚರ್ಡ್ ವೆಸ್ಲಿ ಹ್ಯಾಮಿಂಗ್.

ಹ್ಯಾಮಿಂಗ್ 1915ರ ಫೆಬ್ರುವರಿ 11ರಂದು ಶಿಕಾಗೋದಲ್ಲಿ ಹುಟ್ಟಿದರು. ಅವರಿಗೆ ಎಂಜಿನಿಯರ್ ಆಗುವ ಆಸೆಯಿತ್ತು. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಶಿಕಾಗೋ ವಿಶ್ವವಿದ್ಯಾಲಯ ಮಾತ್ರ, ಅಲ್ಲಿ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹೀಗಾಗಿ ಗಣಿತ ಹಿಡಿದರು. 1937ರಲ್ಲಿ ಪದವಿ, 1939ರಲ್ಲಿ ನೆಬ್ರಾಸ್ಕಾದಿಂದ ಸ್ನಾತಕೋತ್ತರ ಪದವಿ, 1942ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಅವಕಲ ಸಮೀಕರಣಗಳ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಮುಂದೆ ಕಂಪ್ಯೂಟರ್ ವಿಜ್ಞಾನದಲ್ಲಿ ಹೆಸರಾಗುವ ಸೂಚನೆ ಆ ಪ್ರಬಂಧದ ವಿಷಯದಲ್ಲಿ ಏನೂ ಇರಲಿಲ್ಲ. ಹಾದಿ ಬದಲಾದದ್ದು 1945ರ ಏಪ್ರಿಲ್‌ನಲ್ಲಿ, ಪರಮಾಣು ಬಾಂಬಿನ ಯೋಜನೆ ನಡೆಯುತ್ತಿದ್ದ ಲಾಸ್ ಅಲಮೋಸ್‌ಗೆ ಅವರು ಹೋದಾಗ. ಅಲ್ಲಿ ಭೌತವಿಜ್ಞಾನಿಗಳು ಕೊಡುವ ಸಮೀಕರಣಗಳನ್ನು ಐಬಿಎಂ ಲೆಕ್ಕದ ಯಂತ್ರಗಳ ಮೇಲೆ ಓಡಿಸುವುದು, ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ತಾನೊಬ್ಬ ಕಂಪ್ಯೂಟರ್ ಜಾಡಮಾಲಿಯಾಗಿದ್ದೆ ಎಂದು ಅವರು ಆ ದಿನಗಳನ್ನು ನೆನೆಯುತ್ತಿದ್ದರು. ಪತ್ನಿ ವಾಂಡಾ ಕೂಡ ಅಲ್ಲಿಗೆ ಬಂದು ಲೆಕ್ಕ ಮಾಡುವ ಕೆಲಸಕ್ಕೆ ಸೇರಿದರು. ಬಾಂಬ್ ಸಿಡಿದಾಗ ಇಡೀ ವಾತಾವರಣಕ್ಕೇ ಬೆಂಕಿ ಹತ್ತಬಹುದೇ ಎಂಬ ಪ್ರಶ್ನೆಯ ಗಣಿತವನ್ನು ಪರಿಶೀಲಿಸಿಕೊಡುವಂತೆ ಹ್ಯಾಮಿಂಗ್ ಅವರನ್ನು ಕೇಳಲಾಗಿತ್ತು. ಲೆಕ್ಕದಲ್ಲಿ ತಪ್ಪಾದರೆ ಏನಾದೀತು ಎಂಬುದನ್ನು ಕಲಿಯಲು ಇದಕ್ಕಿಂತ ಕಠಿಣವಾದ ಪಾಠಶಾಲೆ ಇರಲಾರದು.

1946ರಲ್ಲಿ ಅಮೆರಿಕದ ದೂರವಾಣಿ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್ ಸೇರಿದ ಅವರು 30 ವರ್ಷ ಅಲ್ಲೇ ಇದ್ದರು. ಕೆಲಕಾಲ ಅವರ ಕೊಠಡಿಯ ಇನ್ನೊಂದು ಮೇಜು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಅವರದು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಅವರ ವಾರಾಂತ್ಯಗಳು. ಬೆಲ್ ಲ್ಯಾಬ್ಸ್‌ನ ಮಾಡೆಲ್ 5 ಎಂಬ ಯಂತ್ರ ರಿಲೇ ಎಂಬ ವಿದ್ಯುತ್ಕಾಂತೀಯ ಸ್ವಿಚ್ಚುಗಳಿಂದ ನಡೆಯುತ್ತಿತ್ತು. ಒಳಗೆ ರಂಧ್ರ ಕೊರೆದ ಕಾಗದದ ಪಟ್ಟಿ ಓಡುತ್ತಿತ್ತು. ಯಾವುದಾದರೂ ರಿಲೇ ಕೈಕೊಟ್ಟರೆ ಯಂತ್ರಕ್ಕೆ ಅದು ಗೊತ್ತಾಗುತ್ತಿತ್ತು. ವಾರದ ದಿನಗಳಲ್ಲಿ ಯಂತ್ರ ನಿಂತು ದೀಪ ಮಿನುಗಿಸಿದರೆ ಆಪರೇಟರ್ ಬಂದು ಸರಿಪಡಿಸುತ್ತಿದ್ದರು. ಶನಿವಾರ, ಭಾನುವಾರ ಆಪರೇಟರ್ ಇರುತ್ತಿರಲಿಲ್ಲ. ಆಗ ಯಂತ್ರ ತಪ್ಪಾದ ಕೆಲಸವನ್ನು ಅಲ್ಲೇ ಬಿಸಾಡಿ ಸಾಲಿನಲ್ಲಿದ್ದ ಮುಂದಿನದಕ್ಕೆ ಹೋಗುತ್ತಿತ್ತು. ಹ್ಯಾಮಿಂಗ್ ಅವರಿಗೆ ಯಂತ್ರ ಸಿಗುತ್ತಿದ್ದುದು ವಾರಾಂತ್ಯದಲ್ಲೇ. ಎರಡು ವಾರ ಸತತವಾಗಿ ಸೋಮವಾರ ಬಂದು ನೋಡಿದರೆ ಅವರ ಕೆಲಸ ಯಾವುದೂ ಆಗಿರಲಿಲ್ಲ. ತಪ್ಪಾಗಿದೆ ಎಂದು ಹೇಳಬಲ್ಲ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದು ಏಕೆ ಹೇಳಲಾಗದು, ಹೇಳಿದ ಮೇಲೆ ತಾನೇ ಏಕೆ ತಿದ್ದಿಕೊಳ್ಳಬಾರದು ಎಂದು ಅವರು ಸಿಡಿಮಿಡಿಗೊಂಡರು.

ತಪ್ಪಾಗಿದೆ ಎಂದು ತಿಳಿಯುವುದಕ್ಕೂ ಎಲ್ಲಿ ಎಂದು ತಿಳಿಯುವುದಕ್ಕೂ ಇರುವ ಅಂತರವನ್ನು ಹಳಗನ್ನಡ ಓದಿದವರಿಗೆ ಛಂದಸ್ಸಿನ ಮೂಲಕ ಹೇಳುವುದು ಸುಲಭ. ಕಂದಪದ್ಯದ ಮೊದಲ ಸಾಲಿನಲ್ಲಿ 12 ಮಾತ್ರೆಗಳಿರಬೇಕು, ಎರಡನೆಯದರಲ್ಲಿ 20. ಓಲೆಗರಿಯ ಪ್ರತಿಯನ್ನು ಓದುವಾಗ ಒಂದು ಸಾಲಿನಲ್ಲಿ 11 ಮಾತ್ರೆ ಬಂದರೆ ಲಿಪಿಕಾರ ಎಲ್ಲೋ ಎಡವಿದ್ದಾನೆ ಎಂದು ಖಚಿತವಾಗುತ್ತದೆ, ಆದರೆ ಎಡವಿದ ಅಕ್ಷರ ಯಾವುದೆಂದು ಆ ಎಣಿಕೆಯಿಂದ ಮಾತ್ರ ತಿಳಿಯದು. ಕಂದಕ್ಕೆ ದ್ವಿತೀಯಾಕ್ಷರ ಪ್ರಾಸದ ಕಟ್ಟುಪಾಡೂ ಇದೆ. ನಾಲ್ಕು ಸಾಲುಗಳಲ್ಲಿ ಮೂರರ ಎರಡನೆಯ ಅಕ್ಷರ ‘ರ’ಕಾರವಾಗಿದ್ದು ಒಂದರಲ್ಲಿ ಮಾತ್ರ ‘ದ’ಕಾರವಿದ್ದರೆ, ಸಂಪಾದಕ ತಪ್ಪಿನ ಜಾಗವನ್ನೂ ಅಲ್ಲಿರಬೇಕಾದ ವ್ಯಂಜನವನ್ನೂ ಒಟ್ಟಿಗೇ ಹಿಡಿಯಬಲ್ಲ. ಒಂದೇ ಪದ್ಯದ ಮೇಲೆ ಬೇರೆ ಬೇರೆ ನಿಯಮಗಳು ಅಡ್ಡಹಾಯ್ದಾಗ ತಪ್ಪಿಗೆ ಒಂದು ವಿಳಾಸ ಸಿಗುತ್ತದೆ. ಹ್ಯಾಮಿಂಗ್ ಮಾಡಿದ್ದು ಇಂಥ ಅಡ್ಡಹಾಯ್ದ ನಿಯಮಗಳನ್ನು ಆದಷ್ಟು ಕಡಿಮೆ ಖರ್ಚಿನಲ್ಲಿ ಹೆಣೆಯುವ ಕೆಲಸ.

ಅವರ ಅತಿ ಪ್ರಸಿದ್ಧ ಸಂಕೇತದಲ್ಲಿ ಏಳು ಸ್ಥಾನಗಳಿವೆ. 3, 5, 6, 7ನೆಯ ಸ್ಥಾನಗಳಲ್ಲಿ ದತ್ತಾಂಶ ಕೂರುತ್ತದೆ. 1, 2, 4ರಲ್ಲಿ ಪ್ಯಾರಿಟಿ ಬಿಟ್‌ಗಳು. ಮೊದಲನೆಯ ಪ್ಯಾರಿಟಿ ಬಿಟ್ 1, 3, 5, 7ನೆಯ ಸ್ಥಾನಗಳಲ್ಲಿರುವ ಒಂದುಗಳ ಸಂಖ್ಯೆ ಸಮವಾಗಿರುವಂತೆ ನೋಡಿಕೊಳ್ಳುತ್ತದೆ. ಎರಡನೆಯದಕ್ಕೆ 2, 3, 6, 7ರ ಜವಾಬ್ದಾರಿ, ನಾಲ್ಕನೆಯ ಸ್ಥಾನದಲ್ಲಿರುವುದಕ್ಕೆ 4, 5, 6, 7ರದು. ನಾವು ಕಳುಹಿಸಬೇಕಾದ ನಾಲ್ಕು ಬಿಟ್ 1011 ಎಂದಿಟ್ಟುಕೊಂಡರೆ, ಈ ನಿಯಮಗಳ ಪ್ರಕಾರ ಪೂರ್ಣ ಸಂಕೇತ 0110011 ಆಗುತ್ತದೆ. ದಾರಿಯಲ್ಲಿ ಆರನೆಯ ಬಿಟ್ ಮಗುಚಿ 0110001 ಬಂದಿತೆನ್ನಿ. ಮೊದಲ ಗುಂಪಿನಲ್ಲಿ ಎರಡು ಒಂದುಗಳಿವೆ, ಅದು ಸರಿ. ಎರಡನೆಯ ಗುಂಪಿನಲ್ಲಿ ಮೂರು, ಅದು ಬೆಸ, ಹಾಗಾಗಿ ದೂರು. ನಾಲ್ಕರ ಗುಂಪಿನಲ್ಲಿ ಒಂದೇ, ಅದೂ ಬೆಸ, ಅಲ್ಲಿಂದಲೂ ದೂರು. ದೂರು ಕೊಟ್ಟ ಗುಂಪುಗಳ ಸಂಖ್ಯೆಗಳನ್ನು ಕೂಡಿದರೆ 2 ಮತ್ತು 4 ಸೇರಿ 6. ತಪ್ಪಾದದ್ದು ಆರನೆಯ ಬಿಟ್. ಪ್ರತಿ ಸ್ಥಾನವೂ ತನ್ನ ದ್ವಿಮಾನ ಸಂಖ್ಯೆಗೆ ತಕ್ಕ ಗುಂಪುಗಳಲ್ಲಿ ಮಾತ್ರ ಕೂತಿರುವುದರಿಂದ, ದೂರುಗಳ ಪಟ್ಟಿಯೇ ತಪ್ಪಿನ ವಿಳಾಸವಾಗಿ ಬರುತ್ತದೆ. ಇದನ್ನು ಮೊದಲ ಬಾರಿ ಕಾಗದದ ಮೇಲೆ ಮಾಡಿ ನೋಡಿದ ದಿನದ ಸಂತೋಷ ನನಗೆ ಇಂದಿಗೂ ನೆನಪಿದೆ.

ಖರ್ಚಿನ ವಿಚಾರವೂ ಇಷ್ಟೇ ಸರಳ. ಮೂರು ಪ್ಯಾರಿಟಿ ಬಿಟ್‌ಗಳಿಂದ ಎಂಟು ಬಗೆಯ ಉತ್ತರ ಬರಬಹುದು: ಏಳು ಸ್ಥಾನಗಳಲ್ಲಿ ಯಾವುದೋ ಒಂದು ತಪ್ಪು ಎನ್ನುವ ಏಳು ಉತ್ತರಗಳು, ಎಲ್ಲವೂ ಸರಿ ಎನ್ನುವ ಎಂಟನೆಯದು. ಒಂದೂ ವ್ಯರ್ಥವಿಲ್ಲ. ದತ್ತಾಂಶ ಹಿಗ್ಗಿದಂತೆ ಈ ಲೆಕ್ಕ ಇನ್ನೂ ಲಾಭದಾಯಕವಾಗುತ್ತದೆ. ಪ್ರತಿಯೊಂದನ್ನೂ ಮೂರು ಸಲ ಬರೆದಿಟ್ಟು ಬಹುಮತ ನೋಡುವ ಹಳೆಯ ಉಪಾಯಕ್ಕೆ 64 ಬಿಟ್‌ಗಳ ರಕ್ಷಣೆಗಾಗಿ ಹೆಚ್ಚುವರಿ 128 ಬಿಟ್ ಬೇಕು. ಹ್ಯಾಮಿಂಗ್ ವಿಧಾನಕ್ಕೆ 7 ಸಾಕು.

ಹಾಗಾದರೆ ಸರ್ವರಿನ ಮೆಮರಿಯಲ್ಲಿ 7ರ ಬದಲು 8 ಏಕಿವೆ? ಮೇಲಿನ ಉದಾಹರಣೆಯಲ್ಲಿ ಆರನೆಯ ಬಿಟ್ ಜೊತೆಗೆ ಮೂರನೆಯದೂ ಮಗುಚಿದರೆ ಮೊದಲ ಗುಂಪು ಮತ್ತು ನಾಲ್ಕರ ಗುಂಪು ದೂರು ಕೊಡುತ್ತವೆ, ಮೊತ್ತ 5 ಬರುತ್ತದೆ, ಯಂತ್ರ ಏನೂ ತಪ್ಪು ಮಾಡದ ಐದನೆಯ ಬಿಟ್ಟನ್ನು ತಿದ್ದಿ ಎರಡು ತಪ್ಪನ್ನು ಮೂರು ಮಾಡುತ್ತದೆ. ಸುಮ್ಮನಿರುವ ಯಂತ್ರಕ್ಕಿಂತ ಆತ್ಮವಿಶ್ವಾಸದಿಂದ ತಪ್ಪು ತಿದ್ದುವ ಯಂತ್ರ ಹೆಚ್ಚು ಅಪಾಯಕಾರಿ. ಆದ್ದರಿಂದ ಒಟ್ಟಾರೆ ಎಣಿಕೆಯ ಮೇಲೆ ಇನ್ನೊಂದು ಪ್ಯಾರಿಟಿ ಬಿಟ್ ಸೇರಿಸಿ, ಒಂದು ತಪ್ಪನ್ನು ತಿದ್ದುವ, ಎರಡಾದರೆ ತಿದ್ದದೆ ಕೂಗಿ ಹೇಳುವ ಏರ್ಪಾಡನ್ನು ಹ್ಯಾಮಿಂಗ್ ತಮ್ಮ ಮೂಲ ಲೇಖನದಲ್ಲೇ ವಿವರಿಸಿದ್ದರು. ಇಂದು ಇಸಿಸಿ (ತಪ್ಪು ತಿದ್ದುವ ಸಂಕೇತ) ಎಂದು ನಾವು ಕರೆಯುವ ಮೆಮರಿಯಲ್ಲಿ ಕೆಲಸ ಮಾಡುತ್ತಿರುವುದು ಬಹುಮಟ್ಟಿಗೆ ಅದರ ಸುಧಾರಿತ ರೂಪಗಳೇ.

ನಮ್ಮ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಮೆಮರಿಯ ಬಿಟ್ ಎಂದರೆ ಅತಿ ಪುಟ್ಟ ಕೆಪಾಸಿಟರಿನಲ್ಲಿರುವ ಒಂದಿಷ್ಟು ವಿದ್ಯುದಾವೇಶ; ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಹುಟ್ಟಿಸುವ ನ್ಯೂಟ್ರಾನ್ ಒಂದು ಬಡಿದರೂ ಅದು ಕದಡಬಹುದು. ಇಂಥ ತಪ್ಪು ಒಮ್ಮೆ ಒಂದು ಜಾಗದಲ್ಲಿ, ಇನ್ನೊಮ್ಮೆ ಮತ್ತೆಲ್ಲೋ ಆಗುತ್ತದೆ. ಇಸಿಸಿ ಅದನ್ನು ತಿದ್ದಿ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಅದೇ ವಿಳಾಸ ಪದೇ ಪದೇ ಕಾಣಿಸಿದರೆ ಅದು ಆಕಾಶದ ಆಟವಲ್ಲ, ಚಿಪ್ಪೇ ಸಾಯುತ್ತಿದೆ. ಒಂದು ಕಡೆ ತಿಂಗಳುಗಟ್ಟಲೆ ಒಂದೇ ವಿಳಾಸದ ಸಾಲುಗಳು ಲಾಗ್ ತುಂಬಿದ್ದರೂ, ‘ಸರಿಪಡಿಸಲಾಗಿದೆ’ ಎಂದು ಬರೆದಿದೆಯಲ್ಲ ಎಂದು ಯಾರೂ ತಿರುಗಿ ನೋಡಿರಲಿಲ್ಲ. ಪಕ್ಕದ ಇನ್ನೊಂದು ಬಿಟ್ಟೂ ಕೆಟ್ಟ ದಿನ ಯಂತ್ರ ನಿಂತೇಹೋಯಿತು. ತಪ್ಪಿನ ವಿಳಾಸ ಸಿಗುತ್ತಿದ್ದರೂ ಅದನ್ನು ಓದುವವರಿರಲಿಲ್ಲ. ಹ್ಯಾಮಿಂಗ್ ಅವರ ವಾರಾಂತ್ಯದ ಯಂತ್ರದ ಕಥೆಗೆ ಇದು ತಿರುವುಮುರುವು.

ಈ ಲೆಕ್ಕಾಚಾರದ ಹಿಂದೆ ಹ್ಯಾಮಿಂಗ್ ಕಂಡದ್ದು ಒಂದು ಜ್ಯಾಮಿತಿ. ಎರಡು ಸಂಕೇತಗಳು ಎಷ್ಟು ಸ್ಥಾನಗಳಲ್ಲಿ ಬೇರೆಯಾಗಿವೆಯೋ ಅದೇ ಅವುಗಳ ನಡುವಿನ ದೂರ ಎಂದು ಅವರು ಹೇಳಿದರು. ಅದು ಇಂದು ಹ್ಯಾಮಿಂಗ್ ದೂರ ಎಂದೇ ಪ್ರಸಿದ್ಧ. ಕನ್ನಡದ ‘ಕಲೆ’, ‘ತಲೆ’, ‘ಬಲೆ’, ‘ಎಲೆ’ಗಳ ನಡುವೆ ದೂರ ಒಂದೇ ಆದ್ದರಿಂದ ಅಚ್ಚಿನ ಒಂದು ಮೊಳೆ ತಪ್ಪಿದರೂ ಇನ್ನೊಂದು ಸರಿಯಾದ ಪದವೇ ಹುಟ್ಟಿ ಕರಡು ತಿದ್ದುವವನ ಕಣ್ಣು ತಪ್ಪಿಸುತ್ತದೆ. ‘ವಿಶ್ವವಿದ್ಯಾಲಬ’ ಎಂದು ಅಚ್ಚಾದರೆ ಯಾರೂ ಮೋಸಹೋಗುವುದಿಲ್ಲ, ಏಕೆಂದರೆ ಅದರ ಸಮೀಪದಲ್ಲಿ ಬೇರೆ ಪದವಿಲ್ಲ. ಸಂಕೇತಗಳನ್ನು ಪರಸ್ಪರ ಕನಿಷ್ಠ ಮೂರು ಹೆಜ್ಜೆ ದೂರದಲ್ಲಿ ನೆಟ್ಟರೆ, ಒಂದು ಹೆಜ್ಜೆ ತಪ್ಪಿದ್ದು ಯಾವಾಗಲೂ ತನ್ನ ಮೂಲಕ್ಕೇ ಹೆಚ್ಚು ಹತ್ತಿರದಲ್ಲಿರುತ್ತದೆ.

ಲೇಖನ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನಲ್ಲಿ ಅಚ್ಚಾದದ್ದು 1950ರ ಏಪ್ರಿಲ್‌ನಲ್ಲಿ. ಪೇಟೆಂಟ್ ಕೆಲಸ ಮುಗಿಯಲೆಂದು ಸಂಸ್ಥೆ ಅದನ್ನು ತಡೆದಿತ್ತು. ಅಷ್ಟರಲ್ಲಿ ಶಾನನ್ ತಮ್ಮ 1948ರ ಲೇಖನದಲ್ಲಿ ಹ್ಯಾಮಿಂಗ್ ಹೆಸರು ಹೇಳಿಯೇ ಈ ಏಳು ಬಿಟ್ ಸಂಕೇತವನ್ನು ಉದಾಹರಿಸಿದ್ದರು, ಮಾರ್ಸೆಲ್ ಗೊಲೇ 1949ರಲ್ಲಿ ಇನ್ನೂ ಮುಂದೆ ಹೋಗಿ ಬರೆದುಬಿಟ್ಟಿದ್ದರು. ನಮ್ಮ ಕಡೆಯ ಓದುಗರಿಗೆ ಇನ್ನೊಂದು ಸಂಬಂಧವೂ ಹತ್ತಿರದ್ದು. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾವಿಜ್ಞಾನಿ ಸಿ.ಆರ್. ರಾವ್, ಪ್ರಯೋಗಗಳನ್ನು ಯೋಜಿಸುವ ಬಗೆಯ ಬಗ್ಗೆ 1947ರಲ್ಲಿ ಬರೆದರು. ಗೊಬ್ಬರ, ನೀರು, ತಳಿ ಹೀಗೆ ಏಳು ಅಂಶಗಳನ್ನು ಎಂಟೇ ತಾಕುಗಳಲ್ಲಿ ಒಂದರ ಪರಿಣಾಮ ಇನ್ನೊಂದರ ಜೊತೆ ಕಲಸಿಹೋಗದಂತೆ ಪರೀಕ್ಷಿಸಲು ಬೇಕಾದ ಕೋಷ್ಟಕವೂ ಹ್ಯಾಮಿಂಗ್ ಅವರ ಏಳು ಬಿಟ್ ಸಂಕೇತವೂ ಒಂದೇ ಗಣಿತದ ಎರಡು ಮುಖಗಳು. ಇಂದಿಗೂ ಗಣಿತಜ್ಞರು ಅಂಥ ರಚನೆಗೆ ರಾವ್ ಮತ್ತು ಹ್ಯಾಮಿಂಗ್ ಇಬ್ಬರ ಹೆಸರನ್ನೂ ಜೋಡಿಸಿ ಹೇಳುತ್ತಾರೆ. ಹಲವು ತಪ್ಪುಗಳನ್ನು ಒಟ್ಟಿಗೆ ತಿದ್ದುವ ಬಿಸಿಎಚ್ ಸಂಕೇತಗಳ ಹೆಸರಿನ ಮೊದಲ ಅಕ್ಷರ ಕೂಡ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಪಳಗಿದ ಆರ್.ಸಿ. ಬೋಸ್ ಅವರದು.

1968ರಲ್ಲಿ ಹ್ಯಾಮಿಂಗ್ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಅದನ್ನು ಪಡೆದವರಲ್ಲಿ ಅವರು ಮೂರನೆಯವರು. ಸಂಖ್ಯಾತ್ಮಕ ವಿಶ್ಲೇಷಣೆಯಲ್ಲಿ ಅವರ ದುಡಿಮೆ ದೊಡ್ಡದು, ಧ್ವನಿ ಸಂಸ್ಕರಣೆ ಮಾಡುವವರು ದಿನವೂ ಬಳಸುವ ಹ್ಯಾಮಿಂಗ್ ವಿಂಡೋ ಕೂಡ ಅವರ ಹೆಸರಿನದೇ. ಕಂಪ್ಯೂಟರಿನ ಉದ್ದೇಶ ಅಂಕಿಗಳಲ್ಲ, ಒಳನೋಟ ಎಂದು ಅವರು 1962ರಲ್ಲೇ ಬರೆದಿದ್ದರು. ಶುಕ್ರವಾರ ಮಧ್ಯಾಹ್ನದ ಊಟದ ನಂತರ ದೊಡ್ಡ ವಿಚಾರಗಳನ್ನಲ್ಲದೆ ಬೇರೇನನ್ನೂ ಮಾತನಾಡುವುದಿಲ್ಲ ಎಂಬುದು ಅವರ ವ್ರತ. ಬೆಲ್ ಲ್ಯಾಬ್ಸ್‌ನ ಹತ್ತು ಪ್ರಯೋಗಗಳಲ್ಲಿ ಒಂದು ಮಾತ್ರ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಮುಂದೆ ಒಂಬತ್ತು ಕಂಪ್ಯೂಟರಿನಲ್ಲೂ ಒಂದು ಪ್ರಯೋಗಾಲಯದಲ್ಲೂ ನಡೆಯುತ್ತವೆ ಎಂದು ಅವರು ಮೇಲಧಿಕಾರಿಗಳಿಗೆ ಹೇಳಿದ್ದು ಇಂಥ ಚಿಂತನೆಯಿಂದಲೇ.

ಯುವ ಸಂಶೋಧಕರು ಇಂದಿಗೂ ಓದುವುದು 1986ರ ಮಾರ್ಚ್‌ನಲ್ಲಿ ಬೆಲ್‌ಕೋರ್ ಎಂಬ ದೂರಸಂಪರ್ಕ ಸಂಶೋಧನಾ ಸಂಸ್ಥೆಯಲ್ಲಿ ಅವರು ಮಾಡಿದ ಭಾಷಣವನ್ನು. ಊಟದ ಮೇಜಿನಲ್ಲಿ ರಸಾಯನವಿಜ್ಞಾನಿಗಳ ಜೊತೆ ಕೂತು, ನಿಮ್ಮ ಕ್ಷೇತ್ರದ ಮುಖ್ಯ ಸಮಸ್ಯೆಗಳು ಯಾವುವು, ನೀವು ಅವುಗಳ ಮೇಲೆ ಏಕೆ ಕೆಲಸ ಮಾಡುತ್ತಿಲ್ಲ ಎಂದು ಕೇಳಿ ಅವರೆಲ್ಲರಿಗೂ ಬೇಡವಾದ ಕಥೆಯನ್ನು ಅವರು ಅಲ್ಲಿ ಹೇಳಿದರು. ಈ ಮಾತನ್ನು ಮಂತ್ರದಂತೆ ಜಪಿಸುವವರನ್ನು ಕಂಡಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ, ಏಕೆಂದರೆ ಅವರ ಹೆಸರನ್ನು ಉಳಿಸಿದ ಕೆಲಸ ಯಾರ ಮುಖ್ಯ ಸಮಸ್ಯೆಗಳ ಪಟ್ಟಿಯಿಂದಲೂ ಬಂದದ್ದಲ್ಲ. ಹಾಳಾದ ಎರಡು ವಾರಾಂತ್ಯಗಳ ಕಿರಿಕಿರಿಯಿಂದ ಬಂದದ್ದು. ಆದರೆ ಅದೇ ಭಾಷಣದಲ್ಲಿ, ಪರಿಣಾಮ ದೊಡ್ಡದೆಂಬ ಕಾರಣಕ್ಕೆ ಸಮಸ್ಯೆ ಮುಖ್ಯವಾಗುವುದಿಲ್ಲ, ಅದನ್ನು ಹಿಡಿಯಲು ನಿಮ್ಮಲ್ಲೊಂದು ದಾರಿ ಇದ್ದರೆ ಮಾತ್ರ ಮುಖ್ಯವಾಗುತ್ತದೆ ಎಂದೂ ಅವರು ಹೇಳಿದ್ದಾರೆ. ಅದನ್ನು ಉದ್ಧರಿಸುವವರು ಕಡಿಮೆ. ರಿಲೇ ಕೆಟ್ಟಾಗ ಬಹಳ ಮಂದಿ ಆಪರೇಟರನ್ನು ಬೈದಿರಬಹುದು. ಸಮ–ಬೆಸದ ಎಣಿಕೆಯನ್ನು ಹಲವು ಗುಂಪುಗಳಲ್ಲಿ ಅಡ್ಡಹಾಯಿಸುವ ದಾರಿ ಹ್ಯಾಮಿಂಗ್ ಕೈಯಲ್ಲಿತ್ತು.

1976ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಗೆ ಹೋದ ಮೇಲೆ ಅವರು ಸಂಶೋಧನೆಗಿಂತ ಪಾಠಕ್ಕೂ ಪುಸ್ತಕಗಳಿಗೂ ಹೆಚ್ಚು ಮನಸ್ಸು ಕೊಟ್ಟರು. ಕಣ್ಣು ಕುಕ್ಕುವ ಚೌಕಳಿ ಕೋಟು ತೊಟ್ಟು ತರಗತಿಗೆ ಬರುತ್ತಿದ್ದ ಮೇಷ್ಟರು 1997ರ ಡಿಸೆಂಬರ್‌ವರೆಗೂ ಪಾಠ ಹೇಳಿ, ಕೆಲವೇ ವಾರಗಳಲ್ಲಿ, 1998ರ ಜನವರಿ 7ರಂದು ಹೃದಯಾಘಾತದಿಂದ ತೀರಿಕೊಂಡರು.